ಮುಂದಿನ ಇಂಜೆಕ್ಷನ್ ಯಾವಾಗ?



ಉಪನ್ಯಾಸದ ವಿಷಯವನ್ನು ನೀವೇ ಆರಿಸಿಕೊಳ್ಳಿ, ಆದರೆ ಕೇಳಿದವರಿಗೆ ಮನೆಗೆ ಹೋದ ಮೇಲೂ ಉಪಯೋಗಕ್ಕೆ ಬರಬೇಕು ಎಂದು ಸಂಘಟಕರು ಷರತ್ತು ಹಾಕಿದ್ದರು. ಮುಂದಿನ ಸಾಲುಗಳಲ್ಲಿ ಕೂತವರನ್ನು ನೋಡಿದರೆ ನನ್ನ ಆಯ್ಕೆ ಸರಿಯಾಗಿದೆ ಅನ್ನಿಸುತ್ತಿದೆ. ಮೂಳೆ ಒಳಗಿಂದೊಳಗೇ ಟೊಳ್ಳಾಗುವ ಕಾಯಿಲೆಗೆ ಆಸ್ಟಿಯೊಪೊರೋಸಿಸ್ ಎನ್ನುತ್ತೇವೆ. ಅದಕ್ಕೆ ಈಗ ಮುಖ್ಯವಾಗಿ ನಾಲ್ಕು ಬಗೆಯ ಇಂಜೆಕ್ಷನ್‌ಗಳಿವೆ. ದಿನಕ್ಕೊಮ್ಮೆ ಚುಚ್ಚಿಕೊಳ್ಳುವುದು ಒಂದು. ತಿಂಗಳಿಗೊಮ್ಮೆಯದು ಇನ್ನೊಂದು. ಆರು ತಿಂಗಳಿಗೊಮ್ಮೆಯದು ಮತ್ತೊಂದು. ವರ್ಷಕ್ಕೊಮ್ಮೆ ಡ್ರಿಪ್ ಹಾಕಿ ರಕ್ತನಾಳಕ್ಕೆ ಬಿಡುವುದು ನಾಲ್ಕನೆಯದು. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಇದು ಮುಗಿದ ಮೇಲೆ ಮುಂದೇನು ಎಂದು ಕೇಳುವವರು ಕಡಿಮೆ. ಕೇಳದಿದ್ದರೂ ಹೇಳುವ ವೈದ್ಯರು ಇನ್ನೂ ಕಡಿಮೆ. ಇವತ್ತಿನ ನನ್ನ ಮಾತೆಲ್ಲ ಆ ಎರಡನೆಯ ಪ್ರಶ್ನೆಯ ಬೆನ್ನು ಹತ್ತಿದ್ದು.

ಮೊದಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಮೊಣಕಾಲು ನೋವೆಂದು ಎಕ್ಸ್‌ರೇ ತೆಗೆಸಿದವರಿಗೆ ಮೂಳೆ ಸವೆದಿದೆ ಎಂದು ಯಾರೋ ಹೇಳಿರುತ್ತಾರೆ. ಅದು ಕೀಲಿನ ಕಾಯಿಲೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಇಂಜೆಕ್ಷನ್ ಹಾಕಿಸಿಕೊಂಡರೆ ಮೊಣಕಾಲು ನೋವು ಒಂದಿಷ್ಟೂ ಇಳಿಯುವುದಿಲ್ಲ. ಆಸ್ಟಿಯೊಪೊರೋಸಿಸ್ ತಾನಾಗಿ ನೋಯುವ ಕಾಯಿಲೆಯೇ ಅಲ್ಲ. ಮೂಳೆ ಮುರಿದಾಗ ಮಾತ್ರ ನೋಯುತ್ತದೆ, ಕೆಲವೊಮ್ಮೆ ಮುರಿದಾಗಲೂ ನೋಯುವುದಿಲ್ಲ. ಬೆನ್ನುಮೂಳೆಯ ಬಿಲ್ಲೆಗಳು ಕುಸಿದದ್ದರಲ್ಲಿ ಮೂರರಲ್ಲಿ ಎರಡರಷ್ಟು ಯಾರ ಗಮನಕ್ಕೂ ಬಾರದೆ ಹೋಗುತ್ತವೆ. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ರೋಡ್ ಹಂಪ್ ಮೇಲೆ ಎಗರಿಬಿದ್ದಾಗ ಬೆನ್ನು ಚಳುಕ್ ಎಂದಿತು, ವಾರ ಕಳೆದ ಮೇಲೆ ಕಡಿಮೆಯಾಯಿತು ಎಂದು ಮರೆತಿರುತ್ತೇವೆ. ಆಮೇಲೆ ಎಂದೋ ಒಂದು ದಿನ, ಮೊದಲು ಸರಿಯಾಗಿ ನಿಲ್ಲುತ್ತಿದ್ದ ಸೀರೆಯ ಅಂಚು ಈಗ ನೆಲಕ್ಕೆ ತಾಗುತ್ತಿದೆಯಲ್ಲ ಎಂದು ಮಗಳು ಹೇಳುತ್ತಾಳೆ. ಎತ್ತರ ಎರಡು ಅಂಗುಲ ಇಳಿದಿರುತ್ತದೆ. ಗಂಡಸರು ಇದು ಹೆಂಗಸರ ಕಾಯಿಲೆ ಎಂದು ನೆಮ್ಮದಿಯಾಗಿರಬೇಡಿ. ಆಸ್ತಮಾಕ್ಕೋ ಸಂಧಿವಾತಕ್ಕೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಇದು ಬರುತ್ತದೆ.

ನಮ್ಮ ಜನಕ್ಕೆ ಇಂಜೆಕ್ಷನ್ ಮೇಲೆ ಇರುವ ನಂಬಿಕೆ ದೊಡ್ಡದು. ಜ್ವರಕ್ಕೆ ಮಾತ್ರೆ ಬರೆದುಕೊಟ್ಟರೆ, ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ ಎನ್ನುತ್ತಾರೆ. ಹಾಕಿದ ಮರುದಿನ ಮೈ ಹಗುರಾಯಿತು ಎಂದೂ ಹೇಳುತ್ತಾರೆ. ಮೂಳೆಯ ಇಂಜೆಕ್ಷನ್ ಈ ನಂಬಿಕೆಗೆ ಎರಡು ಕಡೆಯಿಂದ ಹೊಡೆತ ಕೊಡುತ್ತದೆ. ಹಾಕಿಸಿಕೊಂಡ ಮೇಲೆ ಏನೂ ಅನ್ನಿಸುವುದಿಲ್ಲ, ಬಿಟ್ಟ ಮೇಲೂ ಏನೂ ಅನ್ನಿಸುವುದಿಲ್ಲ. ಹೀಗಿರುವಾಗ ತಪ್ಪಿಸುವುದು ಬಹಳ ಸುಲಭ.

ಈಗ ಮೂಳೆಯ ವಿಚಾರ. ಮೂಳೆ ಒಮ್ಮೆ ಬೆಳೆದು ನಿಂತ ಜಡವಸ್ತುವಲ್ಲ. ದೊಡ್ಡವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಹೊಸದಾಗುತ್ತದೆ. ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಎರಡು ಮೂರು ವಾರಗಳಲ್ಲಿ ಕರಗಿಸಿ ಗುಣಿ ಮಾಡುತ್ತವೆ. ಅದೇ ಗುಣಿಯನ್ನು ತುಂಬಲು ಆಸ್ಟಿಯೊಬ್ಲಾಸ್ಟ್ ಎಂಬ ಕೋಶಗಳಿಗೆ ಮೂರು ನಾಲ್ಕು ತಿಂಗಳು ಬೇಕು. ಕರಗಿಸುವುದು ಬೇಗ, ಕಟ್ಟುವುದು ನಿಧಾನ. ಮುಟ್ಟು ನಿಂತು ಈಸ್ಟ್ರೊಜೆನ್ ಇಳಿದಾಗ ಗುಣಿಗಳ ಸಂಖ್ಯೆ ಹೆಚ್ಚುತ್ತದೆ, ತುಂಬುವ ಕೆಲಸ ಹಿಂದೆ ಬೀಳುತ್ತದೆ. ಈ ನಂಟನ್ನು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದ ಆರಂಭದಲ್ಲಿ ತೋರಿಸಿದರು. ಆದ್ದರಿಂದ ಔಷಧಿಗೆ ಇರುವುದು ಎರಡೇ ದಾರಿ. ಕರಗಿಸುವವರನ್ನು ತಡೆಯಬೇಕು, ಇಲ್ಲವೇ ಕಟ್ಟುವವರನ್ನು ಹುರಿದುಂಬಿಸಬೇಕು.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ರಿಪೋರ್ಟಿನಲ್ಲಿ ಟಿ-ಸ್ಕೋರ್ ಎಂಬ ಒಂದು ಅಂಕೆ ಇರುತ್ತದೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆಯಿತು. ಆ ಅಂಕೆ ಮೇಲೇರಿದರೆ ಮೂಳೆ ಗಟ್ಟಿಯಾಯಿತು ಎಂದೇ ನಾವು ತಿಳಿಯುತ್ತೇವೆ. ಸಾಂದ್ರತೆ ಬೇರೆ, ಗಟ್ಟಿತನ ಬೇರೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ, ಪಾವಗಡದ ಕಡೆ ಹೋದರೆ ಸಾಕು. ಕೊಳವೆಬಾವಿಯ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನುಮೂಳೆ ಎಕ್ಸ್‌ರೇಯಲ್ಲಿ ಅಚ್ಚ ಬಿಳುಪಾಗಿ ದಟ್ಟವಾಗಿ ಕಾಣುತ್ತದೆ. ಅವರನ್ನು ಎದ್ದು ನಿಲ್ಲಿ ಎಂದರೆ ಬೆನ್ನು ಬಗ್ಗಿಸಲು ಆಗುವುದಿಲ್ಲ, ಕತ್ತು ತಿರುಗಿಸಲು ಆಗುವುದಿಲ್ಲ. ಇಲ್ಲಿ ಶಾಪವಾದ ಇದೇ ಫ್ಲೋರೈಡನ್ನು ಒಂದು ಕಾಲದಲ್ಲಿ ಆಸ್ಟಿಯೊಪೊರೋಸಿಸ್‌ಗೆ ಮದ್ದಾಗಿ ಕೊಟ್ಟು ನೋಡಿದ್ದರು ಎಂದರೆ ನಿಮಗೆ ಅಚ್ಚರಿಯಾಗಬಹುದು. ಅಮೆರಿಕದಲ್ಲಿ 202 ಮಹಿಳೆಯರ ಮೇಲೆ ನಾಲ್ಕು ವರ್ಷ ನಡೆದ ಪ್ರಯೋಗದ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಸೋಡಿಯಂ ಫ್ಲೋರೈಡ್ ತೆಗೆದುಕೊಂಡವರ ಸೊಂಟದ ಮಟ್ಟದ ಬೆನ್ನುಮೂಳೆಯ ಸಾಂದ್ರತೆ ಶೇ 35ರಷ್ಟು ಏರಿತ್ತು. ಬೆನ್ನುಮೂಳೆಯ ಮುರಿತಗಳು ಮಾತ್ರ ಗಮನಾರ್ಹವಾಗಿ ಇಳಿದಿರಲಿಲ್ಲ, ಕೈಕಾಲಿನಂಥ ಬೇರೆ ಮೂಳೆಗಳ ಮುರಿತ ಹೆಚ್ಚೇ ಆಗಿತ್ತು. ಅಂದಿನಿಂದ ಯಾವ ಹೊಸ ಔಷಧಿ ಬಂದರೂ ಅಂಕೆ ಎಷ್ಟು ಏರಿತು ಎಂದು ಕೇಳಿ ಬಿಡುವುದಿಲ್ಲ, ಎಷ್ಟು ಮೂಳೆ ಮುರಿಯದೆ ಉಳಿದವು ಎಂದು ಕೇಳುತ್ತೇವೆ. ಫ್ಲೋರೈಡ್ ನೀರಿನ ತಾಲ್ಲೂಕುಗಳಿಂದ ಬಂದವರ ಡೆಕ್ಸಾ ಅಂಕೆ ಚೆನ್ನಾಗಿದೆ ಎಂದು ಮೋಸಹೋಗಬಾರದು ಎಂಬ ಎಚ್ಚರವೂ ಇದರ ಜೊತೆಗೇ ಬರುತ್ತದೆ.

ದಿನಕ್ಕೊಮ್ಮೆಯ ಇಂಜೆಕ್ಷನ್ ಟೆರಿಪ್ಯಾರಟೈಡ್. ನನಗೆ ಇದರ ಕಥೆ ಬಹಳ ಇಷ್ಟ, ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡರೆ ಕ್ಷಮಿಸಿ.

ಕತ್ತಿನಲ್ಲಿ ಥೈರಾಯ್ಡ್ ಗ್ರಂಥಿಯ ಹಿಂದೆ ಬೇಳೆ ಕಾಳಿನಷ್ಟು ಚಿಕ್ಕ ನಾಲ್ಕು ಗ್ರಂಥಿಗಳಿವೆ. ಪ್ಯಾರಾಥೈರಾಯ್ಡ್ ಎಂದು ಹೆಸರು. ಅವುಗಳ ಹಾರ್ಮೋನು ರಕ್ತದ ಕ್ಯಾಲ್ಸಿಯಂ ಇಳಿಯದಂತೆ ನೋಡಿಕೊಳ್ಳುತ್ತದೆ, ಬೇಕಾದರೆ ಮೂಳೆಯಿಂದ ಕಿತ್ತು ತರುತ್ತದೆ. ಗ್ರಂಥಿ ಊದಿಕೊಂಡು ಹಾರ್ಮೋನು ಹಗಲಿರುಳೂ ಸುರಿಯುತ್ತಿದ್ದರೆ ಮೂಳೆ ಸೊರಗುತ್ತದೆ. ಇನ್ಸುಲಿನ್ ಶುದ್ಧಮಾಡಿದ ಟೊರಾಂಟೊ ತಂಡದಲ್ಲಿದ್ದ ಜೇಮ್ಸ್ ಕೊಲಿಪ್ 1925ರ ಹೊತ್ತಿಗೆ ದನದ ಪ್ಯಾರಾಥೈರಾಯ್ಡ್‌ನಿಂದ ಕೆಲಸ ಮಾಡುವ ಸತ್ವವನ್ನು ತೆಗೆದಿದ್ದರು. ಅದನ್ನು ಇಲಿಗಳಿಗೆ ಚುಚ್ಚಿ ನೋಡಿದ ಬಾಸ್ಟನ್ನಿನ ಬಾವರ್, ಆಬ್ ಮತ್ತು ಆಗಲೇ ಹೇಳಿದ ಆಲ್‌ಬ್ರೈಟ್ 1929ರಲ್ಲಿ ವಿಚಿತ್ರವೊಂದನ್ನು ಕಂಡರು. ಮೂಳೆಯೊಳಗಿನ ಜಾಲರಿ ಕರಗುವುದರ ಬದಲು ಬೆಳೆದಿತ್ತು. 1932ರಲ್ಲಿ ಹಾನ್ಸ್ ಸೆಲಿಯೆ, ಅಂದರೆ ಮುಂದೆ ಮಾನಸಿಕ ಒತ್ತಡದ ಸಿದ್ಧಾಂತದಿಂದ ಜಗತ್ತಿಗೆಲ್ಲ ಪರಿಚಿತರಾದವರು, ಅದನ್ನೇ ಮತ್ತೆ ತೋರಿಸಿದರು. ಆಮೇಲೆ ದಶಕಗಳ ಮೌನ. ಮೂಳೆ ತಿನ್ನುವ ಹಾರ್ಮೋನು ಮೂಳೆ ಕಟ್ಟುತ್ತದೆ ಎಂದರೆ ಯಾರು ಕೇಳುತ್ತಾರೆ? 1980ರಲ್ಲಿ 21 ರೋಗಿಗಳ ಮೇಲೆ ನಡೆದ ಒಂದು ಬಹುಕೇಂದ್ರ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ವೈದ್ಯಲೋಕ ಮತ್ತೆ ಅತ್ತ ತಿರುಗಿತು.

ಗುಟ್ಟು ಇರುವುದು ಸಮಯದಲ್ಲಿ. ಹಾರ್ಮೋನು ಇಡೀ ದಿನ ರಕ್ತದಲ್ಲಿ ಹೆಚ್ಚಾಗಿ ನಿಂತರೆ ಕರಗಿಸುವ ಕೋಶಗಳ ಕೈ ಮೇಲಾಗುತ್ತದೆ. ದಿನಕ್ಕೊಮ್ಮೆ ಏರಿ ಕೆಲವೇ ಗಂಟೆಗಳಲ್ಲಿ ಇಳಿದುಹೋದರೆ ಕಟ್ಟುವ ಕೋಶಗಳು ಎಚ್ಚೆತ್ತುಕೊಳ್ಳುತ್ತವೆ, ಕರಗಿಸುವವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಹಾರ್ಮೋನು ಮಾಯವಾಗಿರುತ್ತದೆ. ಇಡೀ ಹಾರ್ಮೋನಿನಲ್ಲಿ 84 ಅಮೈನೊ ಆಮ್ಲಗಳ ಸರವಿದೆ. ಮೊದಲ 34 ಮಾತ್ರ ಸಾಕು. ಆ ತುಂಡೇ ಟೆರಿಪ್ಯಾರಟೈಡ್.

1637 ಮಹಿಳೆಯರ ಮೇಲೆ ನಡೆದ ದೊಡ್ಡ ಪ್ರಯೋಗದ ವರದಿ 2001ರಲ್ಲಿ ಬಂತು. ಎಲ್ಲರೂ ಆಗಲೇ ಬೆನ್ನುಮೂಳೆ ಮುರಿತ ಕಂಡವರು. ಔಷಧಿಯಿಲ್ಲದ ಗುಂಪಿನಲ್ಲಿ ಶೇ 14 ಮಂದಿಗೆ ಹೊಸ ಬೆನ್ನುಮೂಳೆ ಮುರಿತ ಆಗಿದ್ದರೆ, ದಿನಕ್ಕೆ 20 ಮೈಕ್ರೊಗ್ರಾಂ ಪಡೆದವರಲ್ಲಿ ಶೇ 5 ಮಂದಿಗೆ. ಆ ಪ್ರಯೋಗ ಯೋಜಿಸಿದಷ್ಟು ಕಾಲ ನಡೆಯಲಿಲ್ಲ. ಜೀವಮಾನದುದ್ದಕ್ಕೂ ಔಷಧಿ ಪಡೆದ ಇಲಿಗಳಲ್ಲಿ ಮೂಳೆಯ ಕ್ಯಾನ್ಸರ್ ಕಂಡಿತು, ಕಂಪನಿ ಮಧ್ಯದಲ್ಲೇ ನಿಲ್ಲಿಸಿತು. 2002ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಾಗ ಕಪ್ಪು ಚೌಕಟ್ಟಿನ ಎಚ್ಚರಿಕೆಯೊಂದಿಗೆ, ಎರಡು ವರ್ಷದ ಮಿತಿಯೊಂದಿಗೆ ಕೊಟ್ಟಿತು. ಮನುಷ್ಯರಲ್ಲಿ ಆ ಅಪಾಯ ಹೆಚ್ಚಿದ್ದು ವರ್ಷಾನುಗಟ್ಟಲೆ ಕಾದು ನೋಡಿದರೂ ಕಾಣಲಿಲ್ಲ, 2020ರಲ್ಲಿ ಆ ಚೌಕಟ್ಟನ್ನು ತೆಗೆದರು. ಮೂಳೆಗೆ ರೇಡಿಯೇಶನ್ ಪಡೆದವರು, ಮೂಳೆಗೆ ಕ್ಯಾನ್ಸರ್ ಹರಡಿದವರು, ರಕ್ತದ ಕ್ಯಾಲ್ಸಿಯಂ ಹೆಚ್ಚಿರುವವರು ಈಗಲೂ ಇದರಿಂದ ದೂರ ಇರಬೇಕು.

ಬಳಸುವ ರೀತಿ ಇನ್ಸುಲಿನ್ ಪೆನ್ನಿನಂತೆಯೇ. ತೊಡೆ ಇಲ್ಲವೇ ಹೊಟ್ಟೆಯ ಚರ್ಮದಡಿಗೆ ತಾವೇ ಚುಚ್ಚಿಕೊಳ್ಳಬಹುದು. ಪೆನ್ನು ಫ್ರಿಜ್ಜಿನಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು. ಫ್ರೀಜರ್‌ಗೆ ತಾಗಿಸಿ ಇಡಬೇಡಿ. ಒಂದು ಪೆನ್ನು 28 ದಿನಕ್ಕೆ, ಆಮೇಲೆ ಔಷಧಿ ಉಳಿದಿದ್ದರೂ ಎಸೆಯಬೇಕು. ಉಳಿದದ್ದನ್ನು ಎಸೆಯಲು ನಮ್ಮ ಮನೆಗಳಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ ಎಂಬುದು ನನಗೆ ಗೊತ್ತು. ಮೊದಮೊದಲು ಎದ್ದು ನಿಂತಾಗ ತಲೆ ಸುತ್ತಬಹುದು, ಆದ್ದರಿಂದ ಆರಂಭದ ಕೆಲವು ದಿನ ಕೂತೋ ಮಲಗಿಯೋ ಹಾಕಿಕೊಳ್ಳಿ. ಬೀಳದಿರಲಿ ಎಂದು ಕೊಡುವ ಔಷಧಿ ಹಾಕಿಕೊಂಡು ಬೀಳುವುದು ಬೇಡ.

ಎರಡು ವರ್ಷವಾಯಿತು, ಪೆನ್ನು ಮುಗಿಯಿತು. ಇಲ್ಲಿಗೆ ಬಿಟ್ಟರೆ ಕಟ್ಟಿದ ಮೂಳೆ ಬರುವ ವರ್ಷಗಳಲ್ಲಿ ಇಳಿದುಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಕರಗುವುದನ್ನು ತಡೆಯುವ ಬೇರೊಂದು ಔಷಧಿಯನ್ನು ಕೂಡಲೇ ಶುರುಮಾಡಬೇಕು. ದುಬಾರಿ ಔಷಧಿಯನ್ನು ಎರಡು ವರ್ಷ ಶ್ರದ್ಧೆಯಿಂದ ಚುಚ್ಚಿಕೊಂಡು, ಕೋರ್ಸ್ ಮುಗಿಯಿತು ಎಂದು ಮನೆಯಲ್ಲಿ ಕೂತವರ ಹಣವೂ ಶ್ರಮವೂ ಹೀಗೆ ಕರಗುತ್ತದೆ. ಕ್ರಮವೂ ಮುಖ್ಯ. ಮೊದಲು ಟೆರಿಪ್ಯಾರಟೈಡ್, ಆಮೇಲೆ ಡೆನೊಸುಮ್ಯಾಬ್ ಕೊಟ್ಟವರಲ್ಲಿ ಸಾಂದ್ರತೆ ಏರುತ್ತಲೇ ಹೋಯಿತು, ಕ್ರಮ ತಿರುಗಿಸಿದವರಲ್ಲಿ ಸ್ವಲ್ಪ ಕಾಲ ಇಳಿಯಿತು ಎಂದು 2015ರಲ್ಲಿ ಬಾಸ್ಟನ್ನಿನ ಅದೇ ಆಸ್ಪತ್ರೆಯವರು ತೋರಿಸಿದರು.

ಡೆನೊಸುಮ್ಯಾಬ್ ಎಂದೆ. ಆರು ತಿಂಗಳಿಗೊಮ್ಮೆಯ ಇಂಜೆಕ್ಷನ್ ಇದೇ. ಇವತ್ತು ನಾನು ಇಲ್ಲಿ ನಿಂತಿರುವುದಕ್ಕೆ ಇದೇ ಮುಖ್ಯ ಕಾರಣ.

ಕರಗಿಸುವ ಕೋಶಗಳು ಹುಟ್ಟಿ ಬೆಳೆಯಬೇಕಾದರೆ ರ‍್ಯಾಂಕ್ ಲೈಗ್ಯಾಂಡ್ ಎಂಬ ಪ್ರೋಟೀನಿನ ಕರೆ ಬೇಕು. ದೇಹದಲ್ಲೇ ಆ ಕರೆಯನ್ನು ಅಡಗಿಸುವ ಇನ್ನೊಂದು ಪ್ರೋಟೀನ್ ಇದೆ, ಆಸ್ಟಿಯೊಪ್ರೊಟೆಜೆರಿನ್. ಅದನ್ನು 1997ರಲ್ಲಿ ಪತ್ತೆ ಹಚ್ಚಿದರು. ಅದೇ ಕೆಲಸ ಮಾಡುವ ಪ್ರತಿಕಾಯವನ್ನು ಆಮ್ಜೆನ್ ಕಂಪನಿ ತಯಾರಿಸಿತು. 60ರಿಂದ 90 ವರ್ಷದ 7868 ಮಹಿಳೆಯರ ಮೇಲೆ ಮೂರು ವರ್ಷ ನಡೆದ ಪ್ರಯೋಗದ ಹೆಸರು ಫ್ರೀಡಂ. 2009ರಲ್ಲಿ ಬಂದ ಫಲಿತಾಂಶದಲ್ಲಿ ಹೊಸ ಬೆನ್ನುಮೂಳೆ ಮುರಿತ ಶೇ 7.2ರಿಂದ 2.3ಕ್ಕೆ ಇಳಿದಿತ್ತು, ತೊಡೆಮೂಳೆಯ ಕತ್ತಿನ ಮುರಿತ ಶೇ 1.2ರಿಂದ 0.7ಕ್ಕೆ. 2010ರಲ್ಲಿ ಅಮೆರಿಕ, ಯುರೋಪ್ ಎರಡೂ ಕಡೆ ಒಪ್ಪಿಗೆ ಸಿಕ್ಕಿತು. ಒಂದು ಎಂ.ಎಲ್.ನಷ್ಟು ಔಷಧಿ, 60 ಮಿಲಿಗ್ರಾಂ, ತೋಳಿಗೋ ಹೊಟ್ಟೆಗೋ ತೊಡೆಗೋ ನರ್ಸ್ ಒಂದು ನಿಮಿಷದಲ್ಲಿ ಕೊಟ್ಟು ಕಳಿಸುತ್ತಾರೆ. ಹೊಟ್ಟೆ ಉರಿಯಿಲ್ಲ, ವಾರವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರುವ ಕಷ್ಟವಿಲ್ಲ. ಹತ್ತು ವರ್ಷ ತೆಗೆದುಕೊಂಡವರಲ್ಲೂ ಸಾಂದ್ರತೆ ಏರುತ್ತಲೇ ಇತ್ತು ಎಂದು ಮುಂದುವರಿದ ಅಧ್ಯಯನ ಹೇಳಿತು. ಇಷ್ಟು ಸಲೀಸಾದ ಔಷಧಿ ನಮ್ಮ ಕಡೆ ಜನಪ್ರಿಯವಾಗದೆ ಇರುತ್ತದೆಯೇ?

ಇದರಲ್ಲಿ ಎಡವುವುದು ಔಷಧಿ ನಿಲ್ಲಿಸಿದಾಗ. ಪ್ರತಿಕಾಯ ರಕ್ತದಲ್ಲಿ ಇರುವ ತನಕ ಕರಗಿಸುವ ಕೋಶಗಳ ಮರಿಗಳು ಬೆಳೆಯಲಾರದೆ ಕಾಯುತ್ತಿರುತ್ತವೆ. ಆರು ತಿಂಗಳ ಗಡುವು ದಾಟಿ ಪ್ರತಿಕಾಯ ಮುಗಿದುಹೋದಾಗ, ತುಂಬಿದ ಕೆರೆಯ ಏರಿ ಒಡೆದಂತೆ ಅವೆಲ್ಲ ಒಟ್ಟಿಗೆ ನುಗ್ಗುತ್ತವೆ. ವರ್ಷಗಳಲ್ಲಿ ಗಳಿಸಿದ ಸಾಂದ್ರತೆ ಒಂದೆರಡು ವರ್ಷದಲ್ಲಿ ಕೊಚ್ಚಿಹೋಗುತ್ತದೆ. ಹೋಗಲಿ, ಮೊದಲಿನ ಮಟ್ಟಕ್ಕೆ ಬಂತು ಎಂದು ಸಮಾಧಾನಪಡುವಂತೆಯೂ ಇಲ್ಲ. ಬೆನ್ನುಮೂಳೆಯ ಎರಡು, ಮೂರು, ಕೆಲವರಲ್ಲಿ ಐದಾರು ಬಿಲ್ಲೆಗಳು ಕೆಲವೇ ವಾರಗಳಲ್ಲಿ ಒಂದರ ಹಿಂದೊಂದು ಕುಸಿದ ವರದಿಗಳು ಬರತೊಡಗಿದಾಗ ವೈದ್ಯರು ಗಾಬರಿಯಾದರು. ಫ್ರೀಡಂ ಪ್ರಯೋಗದಲ್ಲಿದ್ದು ಬಿಟ್ಟವರ ಲೆಕ್ಕವನ್ನೇ ಮತ್ತೆ ತೆಗೆದು ನೋಡಿ 2018ರಲ್ಲಿ ಪ್ರಕಟಿಸಿದರು. ಔಷಧಿಯಲ್ಲಿದ್ದಾಗ ನೂರು ಮಹಿಳೆಯರಲ್ಲಿ ವರ್ಷಕ್ಕೆ 1.2 ಇದ್ದ ಬೆನ್ನುಮೂಳೆ ಮುರಿತ, ಬಿಟ್ಟ ಮೇಲೆ 7.1ಕ್ಕೆ ಏರಿತ್ತು.

ಪೂರ್ತಿ ಬಿಡಬೇಕೆಂದಿಲ್ಲ, ತಡವಾದರೂ ಸಾಕು. ಬ್ರಿಟನ್ನಿನ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಬಂದ ಅಧ್ಯಯನದ ಪ್ರಕಾರ, ಗೊತ್ತಾದ ದಿನಕ್ಕಿಂತ 16 ವಾರಕ್ಕೂ ಹೆಚ್ಚು ತಡವಾಗಿ ಇಂಜೆಕ್ಷನ್ ಪಡೆದವರಲ್ಲಿ ಬೆನ್ನುಮೂಳೆ ಮುರಿತದ ಅಪಾಯ, ಸಮಯಕ್ಕೆ ಪಡೆದವರಿಗಿಂತ ಸುಮಾರು ನಾಲ್ಕು ಪಟ್ಟು. ಆ ಅಧ್ಯಯನ ಬಂದ ವರ್ಷ ಯಾವುದು ನೋಡಿ. ಲಾಕ್‌ಡೌನ್‌ನಲ್ಲಿ ಜಗತ್ತಿನ ಎಷ್ಟೋ ಅಜ್ಜಿಯರ ಇಂಜೆಕ್ಷನ್ ದಿನಾಂಕ ದಾಟಿಹೋಗಿತ್ತು. ಅಂಥವರನ್ನು ಏನು ಮಾಡಬೇಕು ಎಂದು ಮೂಳೆ ವೈದ್ಯರ ಸಂಘಗಳು ತುರ್ತಾಗಿ ಸಲಹೆ ಹೊರಡಿಸಬೇಕಾಯಿತು.

ನಮ್ಮಲ್ಲಿ ಲಾಕ್‌ಡೌನ್ ಇಲ್ಲದಿದ್ದರೂ ದಿನಾಂಕ ದಾಟುತ್ತದೆ. ಕ್ಲಿನಿಕ್ಕಿನಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ ಹೀಗಿದೆ. ಮಗಳ ಬಾಣಂತನಕ್ಕೆ ತಾಯಿ ಅಮೆರಿಕಕ್ಕೆ ಹೊರಡುತ್ತಾರೆ. ಅಲ್ಲಿ ಇರಲು ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಹೊರಡುವ ಗಡಿಬಿಡಿಯಲ್ಲಿ ಮೆಂತ್ಯದ ಹಿಟ್ಟು, ಅಂಟಿನುಂಡೆ, ಮಗುವಿನ ಕುಲಾವಿ ಎಲ್ಲ ಸೂಟ್‌ಕೇಸಿಗೆ ಸೇರುತ್ತವೆ, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳೂ ಆರು ತಿಂಗಳಿಗಾಗುವಷ್ಟು ಸೇರುತ್ತವೆ. ಎರಡು ತಿಂಗಳಲ್ಲಿ ಬರಬೇಕಾದ ಇಂಜೆಕ್ಷನ್ ಯಾರಿಗೂ ನೆನಪಾಗುವುದಿಲ್ಲ. ನೆನಪಾದರೂ ಅಲ್ಲಿ ಪ್ರವಾಸಿ ವಿಮೆ ಇದಕ್ಕೆ ಹಣ ಕೊಡುವುದಿಲ್ಲ, ಬೆಲೆ ಕೇಳಿದ ಅಳಿಯ ಊರಿಗೆ ಹೋದ ಮೇಲೆ ಹಾಕಿಸಿಕೊಂಡರಾಯಿತು ಎನ್ನುತ್ತಾನೆ. ನೋವೂ ಇಲ್ಲವಲ್ಲ. ಅಲ್ಲಿ ಮಗುವನ್ನು ಬಗ್ಗಿ ಎತ್ತಿಕೊಳ್ಳುವುದೇ ದಿನದ ಕೆಲಸ. ವಾಪಸು ಬರುವ ಹೊತ್ತಿಗೆ ನಾಲ್ಕು ತಿಂಗಳು ತಡವಾಗಿರುತ್ತದೆ, ಆ 16 ವಾರದ ಗೆರೆಯ ಮೇಲೇ ಬಂದು ನಿಂತಿರುತ್ತಾರೆ. ಪ್ರಯಾಣ ಗೊತ್ತಾದ ಕೂಡಲೇ ವೈದ್ಯರ ಹತ್ತಿರ ಈ ವಿಷಯ ಎತ್ತಿದರೆ ದಾರಿಗಳಿವೆ.

ದಿನಾಂಕ ನೆನಪಿಡಲು ನಾನು ಹೇಳಿಕೊಡುವುದು ಒಂದೇ ಲೆಕ್ಕ: ಯುಗಾದಿಗೊಂದು, ನವರಾತ್ರಿಗೊಂದು. ಚೈತ್ರದ ಪಾಡ್ಯದಿಂದ ಆಶ್ವಯುಜದ ಪಾಡ್ಯಕ್ಕೆ ಸರಿಯಾಗಿ ಆರು ತಿಂಗಳು. ನಡುವೆ ಅಧಿಕ ಮಾಸ ಬಂದ ವರ್ಷ ಮಾತ್ರ ಹಬ್ಬವನ್ನು ನಂಬದೆ ಗೋಡೆಯ ಕ್ಯಾಲೆಂಡರ್ ನಂಬಿ.

ಹಾಗಾದರೆ ಡೆನೊಸುಮ್ಯಾಬ್ ಕೆಟ್ಟ ಔಷಧಿಯೇ? ಅಲ್ಲ. ಬೇಕಾದವರಿಗೆ ನಾನೂ ಬರೆಯುತ್ತೇನೆ. ಆದರೆ ಮೊದಲನೆಯ ಇಂಜೆಕ್ಷನ್ ಕೊಡುವ ದಿನವೇ ಹೊರಬರುವ ದಾರಿಯನ್ನೂ ಮಾತಾಡಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಲ್ಲಿಸಬೇಕಾದರೆ ಕೊನೆಯ ಇಂಜೆಕ್ಷನ್ ಆಗಿ ಆರು ತಿಂಗಳ ಸುಮಾರಿಗೆ, ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರಾನಿಕ್ ಆಸಿಡ್‌ನಂಥ ಬೇರೆ ಔಷಧಿ ಹಿಡಿಯಬೇಕು. ಒಂದೆರಡು ವರ್ಷ ಮಾತ್ರ ತೆಗೆದುಕೊಂಡವರಿಗೆ ಇದು ಸಾಮಾನ್ಯವಾಗಿ ಸಾಕಾಗುತ್ತದೆ. ತುಂಬ ವರ್ಷ ತೆಗೆದುಕೊಂಡವರಲ್ಲಿ ಒಂದು ಡ್ರಿಪ್ ಏರಿಯನ್ನು ಹಿಡಿದು ನಿಲ್ಲಿಸದೆ ಹೋಗಬಹುದು, ಅಂಥವರಲ್ಲಿ ಮೂಳೆ ಕರಗುವ ವೇಗ ತೋರಿಸುವ ರಕ್ತಪರೀಕ್ಷೆಯನ್ನು ನಡುನಡುವೆ ಮಾಡಿ ನೋಡುತ್ತೇವೆ. ಇನ್ನು ಬೆಲೆ. ಮೂಲ ಔಷಧಿಯ ಪೇಟೆಂಟ್ ಕಾಲ ಮುಗಿಯುತ್ತ ಬಂದಂತೆ ಬಯೋಸಿಮಿಲರ್‌ಗಳು ಸಾಲುಗಟ್ಟಿವೆ. ಬೆಂಗಳೂರಿನ ಬಯೋಕಾನ್ ಬಯೋಲಾಜಿಕ್ಸ್ ತಯಾರಿಸಿದ ಡೆನೊಸುಮ್ಯಾಬ್‌ಗೆ 2025ರಲ್ಲಿ ಯುರೋಪಿನ ಒಪ್ಪಿಗೆ ಸಿಕ್ಕಿತು. ಅಗ್ಗವಾದಷ್ಟೂ ಶುರುಮಾಡುವವರು ಹೆಚ್ಚುತ್ತಾರೆ. ನನ್ನ ಆತಂಕವೂ ಅಷ್ಟೇ ಹೆಚ್ಚುತ್ತದೆ.

ಆಗಲೇ ಹೆಸರೆತ್ತಿದ ಜೊಲೆಡ್ರಾನಿಕ್ ಆಸಿಡ್ ವರ್ಷಕ್ಕೊಮ್ಮೆಯದು. ಇದರ ಸ್ವಭಾವ ಡೆನೊಸುಮ್ಯಾಬ್‌ಗೆ ತದ್ವಿರುದ್ಧ. ಬಿಸ್‌ಫಾಸ್ಫೊನೇಟ್ ಎಂಬ ಈ ಕುಟುಂಬದ ಮೂಲ ಆಸ್ಪತ್ರೆಯಲ್ಲಿಲ್ಲ, ನಲ್ಲಿಯ ಕೊಳವೆಯಲ್ಲಿದೆ. ಗಡಸು ನೀರಿನ ಸುಣ್ಣ ಕೊಳವೆಯಲ್ಲಿ ಕಟ್ಟಿಕೊಳ್ಳದಂತೆ ಕಾರ್ಖಾನೆಗಳು ಇಂಥ ರಾಸಾಯನಿಕಗಳನ್ನು ಬಳಸುತ್ತಿದ್ದವು. ಅದೇ ಗುಣ ಮೂಳೆಯ ಸುಣ್ಣದ ಮೇಲೆ ಏನು ಮಾಡಬಹುದು ಎಂದು ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ 1960ರ ದಶಕದಲ್ಲಿ ಯೋಚಿಸಿದರು. ಔಷಧಿ ಮೂಳೆಯ ಖನಿಜಕ್ಕೆ ಅಂಟಿ ಕೂರುತ್ತದೆ, ಕರಗಿಸಲು ಬಂದ ಕೋಶ ಅದನ್ನೂ ನುಂಗಿ ಸಾಯುತ್ತದೆ. ನಿಲ್ಲಿಸಿದರೂ ಬಹುಕಾಲ ಮೂಳೆಯಲ್ಲೇ ಉಳಿದಿರುತ್ತದೆ, ಆದ್ದರಿಂದ ಏರಿ ಒಡೆಯುವ ಭಯವಿಲ್ಲ; ಕೆಲವು ವರ್ಷ ಕೊಟ್ಟು ನಡುವೆ ಬಿಡುವು ಕೊಡುವುದೂ ಉಂಟು.

5 ಮಿಲಿಗ್ರಾಂ ಔಷಧಿ ಕನಿಷ್ಠ ಹದಿನೈದು ನಿಮಿಷ ಡ್ರಿಪ್‌ನಲ್ಲಿ ಹೋಗಬೇಕು. 7765 ಮಹಿಳೆಯರ ಮೇಲೆ ನಡೆದು 2007ರಲ್ಲಿ ವರದಿಯಾದ ಹೊರೈಝನ್ ಪ್ರಯೋಗದಲ್ಲಿ ಮೂರು ವರ್ಷದಲ್ಲಿ ಬೆನ್ನುಮೂಳೆ ಮುರಿತ ಶೇ 10.9ರಿಂದ 3.3ಕ್ಕೆ ಇಳಿಯಿತು. ಅದೇ ವರ್ಷದ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ದೊಡ್ಡದೆನಿಸುತ್ತದೆ. ತೊಡೆಮೂಳೆಯ ಕತ್ತು ಮುರಿದು ಆಪರೇಷನ್ ಆದ 2127 ಮಂದಿಯನ್ನು ತೆಗೆದುಕೊಂಡರು, ಗಂಡಸರೂ ಇದ್ದರು. ಆಪರೇಷನ್ ಆಗಿ ಮೂರು ತಿಂಗಳೊಳಗೆ ಈ ಡ್ರಿಪ್ ಪಡೆದವರಲ್ಲಿ ಮತ್ತೆ ಮೂಳೆ ಮುರಿಯುವುದು ಶೇ 35ರಷ್ಟು ಕಡಿಮೆಯಾಯಿತು, ಸಾವು ಶೇ 28ರಷ್ಟು ಕಡಿಮೆಯಾಯಿತು. ಬಚ್ಚಲಲ್ಲಿ ಜಾರಿಬಿದ್ದ ತಾಯಿಗೆ ಲಕ್ಷಗಟ್ಟಲೆ ಖರ್ಚು ಮಾಡಿ ಪ್ಲೇಟು, ರಾಡು ಹಾಕಿಸುತ್ತೇವೆ. ಮುರಿದದ್ದು ಕೂಡಿಕೊಂಡಿತು ಎಂದು ಮನೆಗೆ ಕರೆದುಕೊಂಡು ಬರುತ್ತೇವೆ. ಮುರಿದದ್ದೇಕೆ ಎಂದು ಕೇಳುವುದೇ ಇಲ್ಲ. ಇನ್ನೊಂದು ಕಾಲಿನ ಮೂಳೆಯೂ ಅಷ್ಟೇ ಟೊಳ್ಳಾಗಿರುತ್ತದಲ್ಲ? ಡಿಸ್ಚಾರ್ಜ್ ಚೀಟಿಯಲ್ಲಿ ಆಸ್ಟಿಯೊಪೊರೋಸಿಸ್ ಔಷಧಿಯ ಹೆಸರಿಲ್ಲದಿದ್ದರೆ ದಯವಿಟ್ಟು ಕೇಳಿ. ಈ ಸಭೆಯಿಂದ ಒಂದೇ ಒಂದು ಪ್ರಶ್ನೆ ಮನೆಗೆ ಒಯ್ಯುವುದಾದರೆ ಅದನ್ನು ಒಯ್ಯಿರಿ.

ಮೊದಲ ಡ್ರಿಪ್ ಆದ ಮೇಲೆ ಮೂರರಲ್ಲಿ ಒಬ್ಬರಿಗೆ ಎರಡು ಮೂರು ದಿನ ಮೈಕೈ ನೋವು, ಚಳಿಜ್ವರ ಬರಬಹುದು. ಚೆನ್ನಾಗಿ ನೀರು ಕುಡಿದು ಪ್ಯಾರಸಿಟಮಾಲ್ ತೆಗೆದುಕೊಂಡರೆ ಹೋಗುತ್ತದೆ. ಎರಡನೆಯ ಸಲ ಅಷ್ಟು ಬರುವುದಿಲ್ಲ. ಹೆದರಿ ಎರಡನೆಯದನ್ನು ಬಿಟ್ಟವರೂ ಇದ್ದಾರೆ.

ತಿಂಗಳಿಗೊಮ್ಮೆಯ ರೊಮೊಸೊಜುಮ್ಯಾಬ್ ಹೊಸದು, ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಪಡೆಯಿತು. ಹನ್ನೆರಡು ತಿಂಗಳು ಮಾತ್ರ. ಇದರ ಸುಳಿವು ಸಿಕ್ಕಿದ್ದು ಹೀಗೆ: ದಕ್ಷಿಣ ಆಫ್ರಿಕಾದ ಕೆಲವು ಆಫ್ರಿಕಾನರ್ ಮನೆತನಗಳಲ್ಲಿ ಎಂದೂ ಮುರಿಯದ ಭಾರಿ ಮೂಳೆಯವರು ಹುಟ್ಟುತ್ತಿದ್ದರು. ತಲೆಬುರುಡೆ ದಪ್ಪವಾಗಿ ಕಿವಿ, ಮುಖದ ನರಗಳು ಒತ್ತಿಹೋಗುತ್ತಿದ್ದವು. ಅವರಲ್ಲಿ ಸ್ಕ್ಲೆರೊಸ್ಟಿನ್ ಎಂಬ ಪ್ರೋಟೀನ್ ಇಲ್ಲ ಎಂದು ಗೊತ್ತಾಯಿತು. ಕಟ್ಟುವ ಕೋಶಗಳಿಗೆ ಸಾಕು ನಿಲ್ಲಿಸು ಎನ್ನುವುದು ಆ ಪ್ರೋಟೀನ್. ಅದನ್ನು ತಾತ್ಕಾಲಿಕವಾಗಿ ಕಟ್ಟಿಹಾಕುವುದೇ ಈ ಔಷಧಿ. ಹಿಂದಿನ ಒಂದು ವರ್ಷದೊಳಗೆ ಹೃದಯಾಘಾತ ಅಥವಾ ಲಕ್ವ ಆದವರಿಗೆ ಕೊಡುವಂತಿಲ್ಲ. ಹನ್ನೆರಡು ತಿಂಗಳ ಮೇಲೆ ಇದಕ್ಕೂ ಉತ್ತರಾಧಿಕಾರಿ ಬೇಕೇ ಬೇಕು.

ಹಲ್ಲಿನ ವಿಚಾರ ಹೇಳದೆ ಹೋದರೆ ದಂತವೈದ್ಯ ಮಿತ್ರರು ಬಿಡುವುದಿಲ್ಲ. ಜೊಲೆಡ್ರಾನಿಕ್ ಆಸಿಡ್, ಡೆನೊಸುಮ್ಯಾಬ್ ತೆಗೆದುಕೊಳ್ಳುವವರಲ್ಲಿ ಅಪರೂಪಕ್ಕೆ, ಹಲ್ಲು ಕಿತ್ತ ಜಾಗದಲ್ಲಿ ದವಡೆಯ ಮೂಳೆ ಮಾಯದೆ ಉಳಿಯುತ್ತದೆ. ಕೀಳಬೇಕಾದ ಹಲ್ಲಿದ್ದರೆ ಇಂಜೆಕ್ಷನ್ ಶುರುವಾಗುವ ಮೊದಲೇ ಕೀಳಿಸಿಕೊಳ್ಳಿ. ವರ್ಷಗಟ್ಟಲೆ ಔಷಧಿಯಲ್ಲಿರುವವರಿಗೆ ತೊಡೆಯಲ್ಲಿ ಕಾರಣವಿಲ್ಲದ ನೋವು ಕಾಣಿಸಿದರೆ ಎಕ್ಸ್‌ರೇ ತೆಗೆಸಬೇಕು, ಅಲ್ಲಿ ಬೇರೊಂದು ಬಗೆಯ ಬಿರುಕು ಅಪರೂಪಕ್ಕೆ ಹುಟ್ಟುತ್ತದೆ. ಇವೆರಡರ ಹೆಸರಿನಲ್ಲಿ ವಾಟ್ಸಾಪ್‌ನಲ್ಲಿ ಓಡಾಡುವ ಭಯಾನಕ ಸಂದೇಶಗಳು ಎಷ್ಟು ಜನರ ಔಷಧಿ ಬಿಡಿಸಿವೆಯೋ! ತಡೆದ ಮುರಿತಗಳ ಲೆಕ್ಕದ ಮುಂದೆ ಈ ಅಪಾಯಗಳು ಬಹಳ ಚಿಕ್ಕವು.

ರಾಗಿ ಮುದ್ದೆ ತಿಂದವರಿಗೂ ಇದೆಲ್ಲ ಬೇಕೇ ಎಂದು ಮಂಡ್ಯದ ಕಡೆಯವರು ಕೇಳುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ತಿನ್ನಿ, ಬಿಡಬೇಡಿ. ಆದರೆ ಮೂಳೆ ಆಗಲೇ ಮುರಿದವರಿಗೆ ರಾಗಿ ಔಷಧಿಯಲ್ಲ, ಔಷಧಿ ಕೆಲಸ ಮಾಡಲು ಬೇಕಾದ ಸಾಮಗ್ರಿ. ಬಿಸಿಲಿನ ನಾಡಾದರೂ ನಮ್ಮಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕ. ಅದನ್ನು ಸರಿಪಡಿಸದೆ ಡ್ರಿಪ್ ಅಥವಾ ಡೆನೊಸುಮ್ಯಾಬ್ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿದು ಬೆರಳು ಜುಮುಗುಟ್ಟಿ ಸೆಟೆದುಕೊಳ್ಳಬಹುದು. ವಿಟಮಿನ್ ಡಿ ತೀರಾ ಇಲ್ಲದವರ ಮೂಳೆ ಮೆದುವಾಗಿರುತ್ತದೆ, ಅದು ಬೇರೆಯೇ ಕಾಯಿಲೆ, ಡೆಕ್ಸಾ ಯಂತ್ರಕ್ಕೆ ಮಾತ್ರ ಎರಡೂ ಒಂದೇ. ಥೈರಾಯ್ಡ್ ಮಾತ್ರೆ ಹೆಚ್ಚಾಗಿರುವುದು, ಪ್ಯಾರಾಥೈರಾಯ್ಡ್ ಗೆಡ್ಡೆ, ಮಯಲೋಮಾ ಎಂಬ ರಕ್ತದ ಕ್ಯಾನ್ಸರ್ ಹೀಗೆ ಹಿಂದೆ ಅಡಗಿರುವ ಕಾರಣಗಳೂ ಇರಬಹುದು. ಆದ್ದರಿಂದ ರಿಪೋರ್ಟ್ ನೋಡಿದ ದಿನವೇ ಇಂಜೆಕ್ಷನ್ ಕೊಡದೆ ರಕ್ತಪರೀಕ್ಷೆ ಬರೆದುಕೊಟ್ಟ ವೈದ್ಯರ ಮೇಲೆ ಬೇಸರಪಡಬೇಡಿ.

ಸಭೆಯ ಅಧ್ಯಕ್ಷರು ಒಂದು ಚೀಟಿ ದಾಟಿಸಿದ್ದಾರೆ. ಡಯಾಲಿಸಿಸ್‌ನಲ್ಲಿರುವ ತಮ್ಮ ಪತ್ನಿಗೆ ಡೆನೊಸುಮ್ಯಾಬ್ ಕೊಡಬಹುದೇ ಎಂದು ಸಭಿಕರೊಬ್ಬರ ಪ್ರಶ್ನೆ. ಒಳ್ಳೆಯ ಪ್ರಶ್ನೆ, ಇದಕ್ಕೆ ಉತ್ತರಿಸಿ ಮುಗಿಸುತ್ತೇನೆ. ಕಿಡ್ನಿಯ ಸೋಸುವ ಶಕ್ತಿ 35ಕ್ಕಿಂತ ಕೆಳಗೆ ಇಳಿದವರಿಗೆ ಜೊಲೆಡ್ರಾನಿಕ್ ಆಸಿಡ್ ಕೊಡುವಂತಿಲ್ಲ. ಡೆನೊಸುಮ್ಯಾಬ್ ದೇಹದಿಂದ ಹೊರಹೋಗಲು ಕಿಡ್ನಿಯ ಹಂಗಿಲ್ಲ, ಆದ್ದರಿಂದ ಕಿಡ್ನಿ ಕಾಯಿಲೆಯವರಿಗೆ ಅದೇ ಸುರಕ್ಷಿತ ಎಂಬ ಭಾವನೆ ಬಹುಕಾಲ ಇತ್ತು. 65 ದಾಟಿದ ಡಯಾಲಿಸಿಸ್ ಮಹಿಳೆಯರ ದಾಖಲೆಗಳನ್ನು ಅಮೆರಿಕದಲ್ಲಿ ನೋಡಿದಾಗ, ಡೆನೊಸುಮ್ಯಾಬ್ ಪಡೆದ ಮೊದಲ 12 ವಾರದಲ್ಲಿ ಶೇ 41 ಮಂದಿಗೆ ಕ್ಯಾಲ್ಸಿಯಂ ಅಪಾಯಕಾರಿಯಾಗಿ ಕುಸಿದಿತ್ತು. ಬಿಸ್‌ಫಾಸ್ಫೊನೇಟ್ ಮಾತ್ರೆ ತೆಗೆದುಕೊಂಡವರಲ್ಲಿ ಅದು ಶೇ 2. ಜನವರಿ 2024ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಇದಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿದರು. ಕೊಡಲೇಬಾರದು ಎಂದು ಅದರ ಅರ್ಥವಲ್ಲ. ಡಯಾಲಿಸಿಸ್‌ನವರ ಮೂಳೆ ಸೊರಗುವುದಕ್ಕೆ ಬೇರೆ ಕಾರಣಗಳಿರುತ್ತವೆ, ಕೆಲವರಲ್ಲಿ ಕರಗುವುದೂ ಕಟ್ಟುವುದೂ ಎರಡೂ ಆಗಲೇ ನಿಂತಿರುತ್ತದೆ. ಅಂಥವರಲ್ಲಿ ಕರಗುವುದನ್ನು ತಡೆದು ಏನು ಪ್ರಯೋಜನ? ಹಾಗಾಗಿ ಅವರ ನೆಫ್ರಾಲಜಿಸ್ಟ್ ಜೊತೆ ಕೂತು ಪ್ಯಾರಾಥೈರಾಯ್ಡ್ ಹಾರ್ಮೋನು, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿದ ಮೇಲೆ ನಿರ್ಧಾರವಾಗಲಿ. ಕೊಡುವುದೇ ಆದರೆ ಕ್ಯಾಲ್ಸಿಯಂ ಪರೀಕ್ಷೆ ಆರು ತಿಂಗಳಿಗೊಮ್ಮೆ ಸಾಲದು. ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ಆಗಬೇಕು, ಆ ವೇಳಾಪಟ್ಟಿ ಇಂಜೆಕ್ಷನ್ ಕೊಡುವ ಮುಂಚೆಯೇ ಚೀಟಿಯಲ್ಲಿ ಬರೆದಿರಬೇಕು.